ಮುಂದಿನ ಸೀಟಿನ ಆಯಾ

ಮೂರು ವಾರದ ಹಿಂದೆ ಪೇಪರಿನ ಇದೇ ಜಾಗದಲ್ಲಿ ನಾನು ನಿಮಗೆಲ್ಲ ಬುದ್ಧಿ ಹೇಳಿದ್ದೆ. ನೆನಪುಂಟಾ? ದುಡಿಮೆ ದುಡಿಮೆ ಎಂದು ಊರೂರು ತಿರುಗುವವರೇ, ಒಂದು ದಿನವಾದರೂ ಮನೆಯವರನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿ ಬನ್ನಿ ಎಂದು.

ಕಾಪು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಕೈ ಕುಲುಕಿದರು. "ನಿಮ್ಮದು ಓದಿ ಹೆಂಡತಿ ಮಕ್ಕಳನ್ನು ಮಲ್ಪೆಗೆ ಕರೆದುಕೊಂಡು ಹೋದೆ ಮಾರಾಯ್ರೆ!" ನಾನು ಉಬ್ಬಿಹೋದೆ.

ಆ ಬರಹ ಶಂಕರಪುರದಲ್ಲಿರುವ ನನ್ನ ಅಕ್ಕನ ಕಿವಿಗೂ ಬಿದ್ದಿತ್ತು. (ಅವಳಿಗೆ ಓದಲು ಬಾರದು. ನೆರೆಮನೆಯ ಲೂಸಿ ಬಾಯಮ್ಮನ ಜಗಲಿಯಲ್ಲಿ ಎಲ್ಲರೂ ಮಲ್ಲಿಗೆ ಕಟ್ಟುವಾಗ ಬಾಯಮ್ಮನ ಮಗಳು ಪೇಪರು ಗಟ್ಟಿಯಾಗಿ ಓದುತ್ತಾಳೆ.) ನಾನು ಹೋದ ಕೂಡಲೇ ಗಿರಿಜಕ್ಕ ಕೇಳಿದಳು.

"ಎಂತ ತಮ್ಮ, ಊರಿಗೆಲ್ಲ ಹೇಳಿದ್ದಿ. ನನ್ನನ್ನು ಯಾವಾಗ ಕರೆದುಕೊಂಡು ಹೋಗುತ್ತಿ?"

ನಾನು ಬಾಡಿಗೆ ಕಾರಿನ ಡ್ರೈವರ್ ಎಂಬುದು ನಿಮಗೆ ಗೊತ್ತೇ ಉಂಟು. ಮಣಿಪಾಲಕ್ಕೆ ಮಕ್ಕಳನ್ನು ಸೇರಿಸಲು ಬರುವ ದೂರದ ಊರಿನವರಿಗೆ ಆಗುಂಬೆ, ಶೃಂಗೇರಿ, ಕಾರ್ಕಳ ತೋರಿಸುವುದೇ ನನ್ನ ಹೊಟ್ಟೆಪಾಡು. ಕಾರ್ಕಳದ ಗೊಮ್ಮಟನನ್ನು ನಾನು ನನ್ನ ಮನೆಯ ಬಾಗಿಲಿಗಿಂತ ಹೆಚ್ಚು ಸಲ ನೋಡಿದ್ದೇನೆ. ಅಕ್ಕ? ಒಂದು ಸಲವೂ ಇಲ್ಲ. ಎಷ್ಟು ದೂರ ಮಹಾ? ಒಂದು ಗಂಟೆಯ ದಾರಿ.

ಅವಳನ್ನೂ ಪೂರ್ತಿ ದೂರುವಂತಿಲ್ಲ, ನನ್ನನ್ನೂ ದೂರುವಂತಿಲ್ಲ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಭಾವ ಬೊಂಬಾಯಿಯ ಹೋಟೆಲಿನಲ್ಲಿ. ಅಂಗಳದ ತುಂಬ ಮಲ್ಲಿಗೆ ಗಿಡ. ಮೊಗ್ಗನ್ನು ಆ ದಿನ ಕೊಯ್ಯದಿದ್ದರೆ ಅದು ಅರಳಿಬಿಡುತ್ತದೆ, ಅರಳಿದ್ದಕ್ಕೆ ಕ್ರಯವಿಲ್ಲ. ಬೆಳಿಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಮಾರುವ ಕಟ್ಟೆಗೆ ಮುಟ್ಟಿಸಿದ ಮೇಲೆಯೇ ಬಾಯಿಗೆ ಚಾ. ಗಿಡಕ್ಕೆ ಭಾನುವಾರ ಗೊತ್ತುಂಟಾ?

ಆದರೂ ಅಕ್ಕ ದಾರಿ ಮಾಡಿದಳು. "ಒಂದು ದಿನ ನಿನ್ನ ಹೂ ನಾನು ಕಟ್ಟುತ್ತೇನೆ, ನೀನು ಹೋಗಿ ಬಾ ಗಿರಿಜಾ" ಎಂದು ಲೂಸಿ ಬಾಯಮ್ಮ ಒಪ್ಪಿದರು. ನನ್ನ ಧಣಿಗಳೂ ಭಾನುವಾರಕ್ಕೆ ಕಾರು ಕೊಡಲು ಒಪ್ಪಿ, ಶನಿವಾರವೇ ಮನೆಗೆ ಕೊಂಡುಹೋಗು ಎಂದರು.

ಭಾನುವಾರ ಬೆಳಿಗ್ಗೆ ಕಾಪುವಿನಲ್ಲಿ ನಮ್ಮ ಮನೆಯ ಎದುರಿನ ಅಬ್ಬಾಸ್ ಬ್ಯಾರಿಗಳ ಅಂಗಡಿಗೆ ಧಣಿಗಳ ಫೋನು ಬಂತು. ಮಣಿಪಾಲದಲ್ಲಿ ದಿಲ್ಲಿಯ ಪಾರ್ಟಿ ಉಂಟು, ಗಂಡ ಹೆಂಡತಿ ಒಂದು ಮಗು. ಅವರಿಗೆ ಹೋಗಬೇಕಾದದ್ದೂ ಕಾರ್ಕಳಕ್ಕೇ.

ಬೇಡ ಎನ್ನಬಹುದಿತ್ತು. ಧಣಿಗಳು ನನ್ನನ್ನೇನೂ ನುಂಗುತ್ತಿರಲಿಲ್ಲ. ನನಗೆ ಹೊಳೆದದ್ದು ಬೇರೆ. ಅದೇ ಕಾರು, ಅದೇ ದಾರಿ, ಅದೇ ಗೊಮ್ಮಟ! ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರೆ ಕೆಲಸವೂ ಆಯಿತು, ತಿರುಗಾಟವೂ ಆಯಿತು. ನಾವೆಲ್ಲ ಮಾಡುವುದು ಇದನ್ನೇ ಅಲ್ವಾ? ಆಫೀಸಿನ ಕೆಲಸಕ್ಕೆ ಮಂಗಳೂರಿಗೆ ಹೋಗುವವರು ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತಾರೆ. ಅವಳು ದಿನವಿಡೀ ಲಾಡ್ಜಿನ ಕಿಟಕಿಯಿಂದ ಹೊರಗೆ ನೋಡುತ್ತಾಳೆ. ಮನೆಗೆ ಬಂದು ಇವರು, "ಟೂರ್ ಮಾಡಿಸಿದೆ" ಎನ್ನುತ್ತಾರೆ.

ಶಂಕರಪುರದಲ್ಲಿ ಅಕ್ಕ ರಸ್ತೆಯ ಬದಿಯಲ್ಲೇ ನಿಂತಿದ್ದಳು. ಮದುವೆಗೆ ಉಡುವ ಹಸಿರು ಸೀರೆ. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆ. "ಗೊಮ್ಮಟನ ಪಾದಕ್ಕೆ. ನಾನೇ ಕಟ್ಟಿದ್ದು" ಎಂದಳು. ಪಾರ್ಟಿಯ ವಿಷಯ ಹೇಳಿದೆ. "ಅವರಿಗೆ ತೊಂದರೆ ಆಗದಾ?" ಎಂದಳು, ಅಷ್ಟೇ.

ಮಣಿಪಾಲದಲ್ಲಿ ದಿಲ್ಲಿಯ ಆ ಅಮ್ಮ ಕಾರು ಹತ್ತುವ ಮೊದಲೇ ಹಿಂದಿಯಲ್ಲಿ ಕೇಳಿದರು, "ಇವರು ಯಾರು?"

ಪಾರ್ಟಿ ಬಿಟ್ಟು ಬೇರೆ ತಲೆ ಕಾರಿನಲ್ಲಿ ಕಾಣಬಾರದು ಎಂಬುದು ಧಣಿಗಳ ಕಟ್ಟಳೆ. ದೂರು ಹೋದರೆ ಕಷ್ಟ. (ಅದೊಂದೇ ಕಾರಣವಾ? ಅಕ್ಕನ ಬರಿಗಾಲು, ನಾರಿನ ಕಲೆ ಹಿಡಿದ ಬೆರಳುಗಳು ಆ ಹೊತ್ತಿಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದರೆ ಸುಳ್ಳಾಗುತ್ತದೆ.) ನಾನು ಹೇಳಿದೆ, "ಆಯಾ. ಮಗುವನ್ನು ನೋಡಿಕೊಳ್ಳಲು ಕರೆದುಕೊಂಡು ಬಂದಿದ್ದೇನೆ."

ಅಕ್ಕನಿಗೆ ಹಿಂದಿ ಬಾರದು ಎಂಬ ಧೈರ್ಯ ನನಗೆ. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ನಮ್ಮ ಅಮ್ಮನ ಹತ್ತಿರ ತಿಂಗಳುಗಟ್ಟಲೆ ಕೂತವಳು ಅವಳು. ಆಯಾ ಎಂದರೆ ಯಾರೆಂದು ಅವಳಿಗೆ ಗೊತ್ತಿಲ್ಲವಾ? ಒಮ್ಮೆ ನನ್ನ ಮುಖ ನೋಡಿದಳು. ಕೈಚಾಚಿ ಮಗುವನ್ನು ಮಡಿಲಿಗೆ ತೆಗೆದುಕೊಂಡಳು.

ಕಾರ್ಕಳ ಮುಟ್ಟುವಾಗ ಮಗು ಅವಳ ಹೆಗಲಿನಲ್ಲಿ ನಿದ್ದೆ ಹೋಗಿತ್ತು. ಬಿಸಿಲು ಸುಡುತ್ತಿತ್ತು. "ಮಗು ಮೇಲೆ ಬೇಡ, ಆಯಾ ಇಲ್ಲೇ ನೆರಳಿನಲ್ಲಿ ಕೂತಿರಲಿ" ಎಂದರು ಆ ಅಮ್ಮ. ಅವರ ತಪ್ಪೇನು? ಅವರಿಗೆ ನಾನು ಹೇಳಿದ್ದೇ ಹಾಗೆ.

ಅಕ್ಕ ಬಾಳೆಲೆಯ ಪೊಟ್ಟಣ ನನ್ನ ಕೈಗಿತ್ತಳು. "ಪಾದದಲ್ಲಿ ಇಟ್ಟು ಬಾ ತಮ್ಮ. ನನ್ನ ಹೆಸರು ಹೇಳು."

ಈಗ ನೀವು ಕೇಳಬೇಕಾದ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ಡ್ರೈವರ್ ಎಂಬವನು ಬೆಟ್ಟ ಹತ್ತಬೇಕೆಂದು ಯಾವ ಕಾನೂನುಂಟು? ಮಗುವಿನ ಜೊತೆ ನಾನು ಕೂತು ಅವಳನ್ನು ಕಳಿಸಬಹುದಿತ್ತಲ್ಲ? ಬೇರೆ ಡ್ರೈವರುಗಳೆಲ್ಲ ಕೆಳಗೆ ಕಾರಿನಲ್ಲೇ ಬಾಯಿ ತೆರೆದು ಮಲಗಿದ್ದರು. ನನಗೆ ಮಾತ್ರ ಮೇಲೆ ಹೋಗಿ ಗೊಮ್ಮಟನ ಕತೆ ಹೇಳುವ ಚಟ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಬಾಯಿಂದ ಕತೆ ಕೇಳಿ ದೊಡ್ಡ ಜನ ವಾಹ್ ಎನ್ನಬೇಕು!

ಎಂದರು ಕೂಡ. ಕಾಲಬೆರಳಿನಿಂದ ತಲೆಯವರೆಗೆ ವರ್ಣಿಸಿದೆ. ನಡುವೆ ಆ ಅಮ್ಮ, "ಏನಿದು, ಇಷ್ಟು ಪರಿಮಳ?" ಎಂದರು. "ನಮ್ಮ ಶಂಕರಪುರದ ಮಲ್ಲಿಗೆ ಅಮ್ಮಾ, ಇಂಥದು ನಿಮ್ಮ ದಿಲ್ಲಿಯಲ್ಲಿ ಸಿಕ್ಕುವುದಿಲ್ಲ" ಎಂದು ಪೊಟ್ಟಣ ಬಿಚ್ಚಿದೆ. ಅವರ ಕಣ್ಣು ಅರಳಿತು. ನಾನು ಕೊಟ್ಟುಬಿಟ್ಟೆ. ಅವರು ಮುಡಿದುಕೊಂಡರು.

ಪಾದಕ್ಕೆ ಕಟ್ಟಿದ ಹೂ. ನನ್ನ ಕೈ ತಡೆಯಲಿಲ್ಲ.

ಕೆಳಗೆ ಇಳಿಯುವಾಗ ನೆನಪಾಯಿತು. ಅಷ್ಟರಲ್ಲಿ ಅಕ್ಕ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಎದುರಿಗೇ ಬಂದಿದ್ದಳು, ಚಿಕ್ಕಂದಿನಲ್ಲಿ ನನ್ನನ್ನು ಕೂರಿಸಿಕೊಳ್ಳುತ್ತಿದ್ದ ಹಾಗೆಯೇ. ಆ ಅಮ್ಮನ ಜಡೆ ನೋಡಿದಳು. ತಾನು ಕಟ್ಟಿದ ಹೂವಿನ ಗುರುತು ಅವಳಿಗೆ ಸಿಕ್ಕದಿರುತ್ತದಾ?

"ಅವರಿಗೆ ಚಂದ ಕಾಣುತ್ತದೆ" ಎಂದಳು ತುಳುವಿನಲ್ಲಿ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, "ಇಲ್ಲಿಂದಲೂ ಗೊಮ್ಮಟನ ತಲೆ ಕಾಣುತ್ತದೆ ತಮ್ಮ. ನೋಡಿದೆ" ಎಂದಳು.

ಪಾರ್ಟಿಯನ್ನು ಮಣಿಪಾಲದಲ್ಲಿ ಇಳಿಸಿ, ಅಕ್ಕನನ್ನು ಶಂಕರಪುರಕ್ಕೆ ಮುಟ್ಟಿಸಿದೆ. ಕ್ಷಮಿಸು ಎಂಬ ಮಾತನ್ನು ದಾರಿಯಲ್ಲಿ ಕಟಪಾಡಿಯವರೆಗೆ ತಂದು ಅಲ್ಲಿಯೇ ನುಂಗಿದೆ.

ಅಂಗಳದಲ್ಲಿ ಲೂಸಿ ಬಾಯಮ್ಮ ಕಾದು ನಿಂತಿದ್ದರು. "ಎಂತ ಗಿರಿಜಾ, ಹೇಗುಂಟು ಗೊಮ್ಮಟ?"

ಅಕ್ಕ ಶುರುಮಾಡಿದಳು ನೋಡಿ! "ಅಯ್ಯೋ ಬಾಯಮ್ಮ, ಕಾಲಬೆರಳೇ ಇಷ್ಟು ದೊಡ್ಡದು. ಕೈಗೆ ಬಳ್ಳಿ ಸುತ್ತಿಕೊಂಡಿದೆ, ನಿಜವಾದ ಬಳ್ಳಿಯ ಹಾಗೆ. ಪಾದದಲ್ಲಿ ಹೂ ಇಟ್ಟೆ. ತಮ್ಮ ಕೈಹಿಡಿದು ಹತ್ತಿಸಿದ, ಒಂದೊಂದೂ ತೋರಿಸಿದ."

ಅದಷ್ಟೂ ನಾನು ಹಿಂದೆ ಯಾವಾಗಲೋ ಈ ಅಂಕಣದಲ್ಲಿ ಬರೆದದ್ದು, ಅವಳು ಜಗಲಿಯಲ್ಲಿ ಕೇಳಿದ್ದು. ಕೈಹಿಡಿದು ಹತ್ತಿಸಿದ್ದು, ಹೂ ಇಟ್ಟದ್ದು ಮಾತ್ರ ಅವಳು ಸೇರಿಸಿದ್ದು.

"ಪುಣ್ಯ ಮಾಡಿದ್ದಿ, ಇಂಥ ತಮ್ಮ ಯಾರಿಗುಂಟು?" ಎಂದು ಬಾಯಮ್ಮ ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ!

ಈ ವಾರವೂ ಆ ಜಗಲಿಯಲ್ಲಿ ಪೇಪರು ಓದುತ್ತಾರೆ. ಅಕ್ಕನ ಸುಳ್ಳೂ ಬಯಲಾಗುತ್ತದೆ, ಅದೂ ನನ್ನಿಂದಲೇ. ಬಾಯಮ್ಮಾ, ಸುಳ್ಳು ಹೇಳಿದಳೆಂದು ಅವಳನ್ನು ಬೈಯಬೇಡಿ. ಇನ್ನೊಂದು ದಿನ ಅವಳ ಹೂ ಕಟ್ಟಿಕೊಡುತ್ತೀರಾ ಎಂದು ನಿಮ್ಮಲ್ಲಿ ಕೇಳಬೇಕೆಂದುಂಟು.

ಆದರೆ ನನ್ನ ಕಾರು ಹತ್ತಲು ಅವಳು ಒಪ್ಪುತ್ತಾಳಾ?