ಲಾಳಿ ಪೆಟ್ಟಿಗೆಯ ರಬ್ಬರು

ಹೋದ ತಿಂಗಳು ಮಗಳ ಟೆನಿಸ್ ರಾಕೆಟ್ಟಿಗೆ ಹೊಸ ತಂತಿ ಬಿಗಿಸಲು ಕೊಟ್ಟಿದ್ದೆ. ವಾಪಸು ಕೊಡುವಾಗ ಅಂಗಡಿಯವನು ನಗುಮುಖದ ಒಂದು ಹಳದಿ ರಬ್ಬರು ಗುಂಡಿಯನ್ನು ಪುಕ್ಕಟೆಯಾಗಿ ಕೊಟ್ಟ. ಅದನ್ನು ಕೆಳಗಿನ ತಂತಿಗಳ ನಡುವೆ ಸಿಕ್ಕಿಸಿದರೆ ಚೆಂಡು ಬಡಿದಾಗ ರಾಕೆಟ್ಟು ಝುಂ ಅನ್ನುವುದಿಲ್ಲವಂತೆ. ದೇವನಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಕೋರ್ಟಿನ ಪಕ್ಕ, ಬಿಸಿಲಿಗೆ ಕಾದ ಕಲ್ಲುಬೆಂಚಿನ ಮೇಲೆ ಕೂತು ಆ ಗುಂಡಿಯನ್ನು ಪೊಟ್ಟಣದಿಂದ ತೆಗೆದೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಮಗ್ಗಕ್ಕೆ ಬಿಡುವ ಎಣ್ಣೆಯ ವಾಸನೆ, ನೀರಿನಲ್ಲಿ ನೆನೆದ ರೇಷ್ಮೆಯ ಜಿಗುಟು ವಾಸನೆ, ರತ್ನತ್ತೆಯ ಸೆರಗಿಗೆ ಅಂಟಿಕೊಂಡೇ ಇರುತ್ತಿದ್ದ ಎಲೆ ಅಡಿಕೆಯ ವಾಸನೆ ಒಂದೊಂದಾಗಿ ಬಂದವು. ನಿಮಗೂ ಯಾವುದೋ ಒಂದು ವಾಸನೆ ಹೀಗೆ ಹೇಳದೆ ಕೇಳದೆ ಹಳೇ ಮನೆಯ ಬಾಗಿಲು ತೆಗೆದಿರಬಹುದು. ತೆಗೆದ ಮೇಲೆ ಒಳಗೆ ಹೋಗದೆ ಗತಿಯಿಲ್ಲ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಯುವವರ ಮನೆ. ಮುಂದೆ ಮೂರು ಅಂಕಣ ನಾವಿರುವುದಕ್ಕೆ, ಹಿಂದೆ ಶೀಟು ಹೊದೆಸಿದ ಉದ್ದದ ಕೊಟ್ಟಿಗೆ ನಾಲ್ಕು ವಿದ್ಯುತ್ ಮಗ್ಗಗಳಿಗೆ. ನಿಜ ಹೇಳಬೇಕೆಂದರೆ ಮಗ್ಗಗಳ ಮನೆಯಲ್ಲಿ ನಾವು ಬಾಡಿಗೆಗಿದ್ದಂತೆ ಇದ್ದೆವು. ಅವು ಓಡುವಾಗ ಇಡೀ ಮನೆ ನಡುಗುತ್ತಿತ್ತು. ಗೂಡಿನಲ್ಲಿಟ್ಟ ಸ್ಟೀಲು ಲೋಟಗಳು ತಾವಾಗಿಯೇ ಸರಿದು ಸರಿದು ಅಂಚಿಗೆ ಬಂದು ನಿಲ್ಲುತ್ತಿದ್ದವು. ಅಮ್ಮ ದಿನಕ್ಕೆರಡು ಬಾರಿ ಅವನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಗಡಿಗೆಯ ನೀರಿನ ಮೇಲೆ ಸದಾ ಸಣ್ಣ ಸಣ್ಣ ಉಂಗುರ. ಕರೆಂಟು ಹೋದರೆ ಬೇರೆಯವರ ಮನೆಯಲ್ಲಿ ಕತ್ತಲಾಗುತ್ತದೆ, ನಮ್ಮ ಮನೆಯಲ್ಲಿ ಕಿವಿಗೆ ಗಾಳಿ ಹೊಕ್ಕಂತಾಗಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಶಾಲೆಯಲ್ಲಿ ನಾನು ಮೆತ್ತಗೆ ಮಾತಾಡಲು ಕಲಿತದ್ದು ಏಳನೇ ಕ್ಲಾಸಿನ ಹೊತ್ತಿಗೆ.

ರತ್ನತ್ತೆ ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಬಂದ ವಾರಕ್ಕೇ ಮಗ್ಗದ ಮುಂದೆ ನಿಂತಳಂತೆ. ಮೂರನೇ ಮಗ್ಗ ಅವಳದು. ವರ್ಷಾನುಗಟ್ಟಲೆ ಆ ಗದ್ದಲದಲ್ಲಿ ನಿಂತು ಅವಳ ಕಿವಿ ಹೆಚ್ಚುಕಡಿಮೆ ಹೋಗಿತ್ತು. ಕಿವಿಯ ಕೆಲಸವನ್ನು ಅಂಗೈ ಮಾಡುತ್ತಿತ್ತು. ಓಡುವ ಮಗ್ಗದ ಕಟ್ಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಲ್ಲುವಳು, ಯಾವ ಬೋಲ್ಟು ಸಡಿಲವಾಗಿದೆ, ಯಾವ ಪಟ್ಟಿ ಸವೆದಿದೆ ಅನ್ನುವುದನ್ನು ಹೇಳಿಬಿಡುವಳು. ಅಪ್ಪ ಸ್ಪ್ಯಾನರ್ ಹಿಡಿದು ಹೋಗಿ ನೋಡಿದರೆ ಅದೇ ಆಗಿರುತ್ತಿತ್ತು. ಅಪ್ಪನಿಗೆ ಅದರಿಂದ ಅಷ್ಟೇನೂ ಖುಷಿಯಾಗುತ್ತಿರಲಿಲ್ಲ.

ಮಗ್ಗಕ್ಕೆ ಒಂದು ಶಾಸ್ತ್ರವಿತ್ತು. ಅಡ್ಡನೂಲು ಹೊತ್ತ ಲಾಳಿ ಈ ತುದಿಯಿಂದ ಆ ತುದಿಗೆ ಓಡಿ ಹೋಗಿ ನಿಲ್ಲುವ ಮರದ ಗೂಡಿಗೆ ಲಾಳಿ ಪೆಟ್ಟಿಗೆ ಅನ್ನುತ್ತಾರೆ. ಅದರ ಕೊನೆಯಲ್ಲಿ ಹೆಬ್ಬೆರಳು ಗಾತ್ರದ ಕಪ್ಪು ರಬ್ಬರು ಇರುತ್ತದೆ. ಓಡಿ ಬಂದ ಲಾಳಿಯ ಪೆಟ್ಟನ್ನು ಅದು ನುಂಗಿಕೊಳ್ಳಬೇಕು. ಇಲ್ಲವಾದರೆ ಲಾಳಿ ಪುಟಿದು ಹಿಂದೆ ಬಂದು ಉದ್ದಕ್ಕೆ ಬಿಗಿದ ಹಾಸಿನ ನಡುವೆ ಸಿಕ್ಕಿಕೊಂಡು ನೂರಾರು ಎಳೆಗಳನ್ನು ಒಂದೇ ಏಟಿಗೆ ಕಡಿದು ಹಾಕುತ್ತದೆ. ಅದಕ್ಕೇ ಕರೆಂಟು ಹೋದಾಗಲೆಲ್ಲ ಮನೆಯ ಮಕ್ಕಳು ಎಲ್ಲ ಪೆಟ್ಟಿಗೆಗಳಿಗೂ ಬೆರಳು ಹಾಕಿ ರಬ್ಬರು ನೆಟ್ಟಗಿದೆಯೇ ಎಂದು ನೋಡಬೇಕಿತ್ತು. ಕರೆಂಟು ಬಂದ ಕೂಡಲೇ ರತ್ನತ್ತೆ ಹುಬ್ಬೇರಿಸಿ “ನೋಡಿದ್ಯಾ?” ಅನ್ನುವಳು. ನಾವು ತಲೆಯಾಡಿಸಬೇಕು. ಆಮೇಲೆ ಅವಳು ಸ್ವಿಚ್ಚು ಒತ್ತುವಳು.

ಆಗ ನಾನು ಎಂಟನೇ ಕ್ಲಾಸು. ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಸಿಮೆಂಟಿನ ಟೆನಿಸ್ ಕೋರ್ಟಿತ್ತು. ಅಲ್ಲಿನ ಅಧಿಕಾರಿಯೊಬ್ಬರ ಹೆಂಡತಿ ನಮ್ಮ ಶಾಲೆಯ ನಾಲ್ಕು ಹುಡುಗಿಯರನ್ನು ಆರಿಸಿ ಬೆಳಗಿನ ಹೊತ್ತು ಆಟ ಕಲಿಸುತ್ತಿದ್ದರು. ಅವರನ್ನು ನಾವು ಬರೀ ಮೇಡಂ ಅನ್ನುತ್ತಿದ್ದೆವು. ಅವರು ನನಗೆ ತಮ್ಮ ಹಳೆಯ ಅಲ್ಯೂಮಿನಿಯಂ ರಾಕೆಟ್ಟು ಕೊಟ್ಟಿದ್ದರು. ಚೆಂಡು ತಗುಲಿದರೆ ಸಾಕು, ಅದು ತಂಬಿಗೆಗೆ ಸೌಟಿನಿಂದ ಹೊಡೆದಂತೆ ಗುಂಯ್‌ಗುಟ್ಟುತ್ತಿತ್ತು. ಆ ಗುಂಯ್ ಮಣಿಕಟ್ಟು ದಾಟಿ ಮೊಣಕೈಗೆ ಬಂದು ಕೂರುತ್ತಿತ್ತು. ತಿಂಗಳೊಳಗೆ ಮೊಣಕೈ ನೋವು ಶುರುವಾಯಿತು. ಶನಿವಾರ ದೇವನಹಳ್ಳಿಯಲ್ಲಿ ಆಯ್ಕೆಯ ಪಂದ್ಯ. ಮೇಡಂ ನನ್ನ ಕೈ ಹಿಡಿದು ನೋಡಿ, “ನೋವು ಹೀಗೇ ಇದ್ದರೆ ಈ ವರ್ಷ ಬೇಡ ಬಿಡು, ಮುಂದಿನ ವರ್ಷ ನೋಡೋಣ” ಅಂದರು. ಹದಿಮೂರು ವರ್ಷದವಳಿಗೆ ಮುಂದಿನ ವರ್ಷ ಅನ್ನುವುದು ಇರುವುದೇ ಇಲ್ಲ.

ಮನೆಯಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಂಡವಳು ರತ್ನತ್ತೆ ಒಬ್ಬಳೇ. ರಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಚೌಕಟ್ಟಿಗೆ ಗೆಣ್ಣಿನಿಂದ ಕುಟ್ಟಿದಳು, ಹಿಡಿಯನ್ನು ಅಂಗೈಯಲ್ಲಿ ಒತ್ತಿ ಕಣ್ಣು ಮುಚ್ಚಿದಳು. “ಇದ್ರ ಹಿಡಿ ಸಣ್ಣ ಆಯ್ತು ಕಣೆ ಸುಮಿ. ನೀನು ಜೋರಾಗಿ ಅವುಕಿ ಹಿಡೀತೀಯ, ನಡುಕ ಎಲ್ಲಾ ನಿನ್ ಕೈಗೇ ಬತ್ತೈತೆ” ಅಂದಳು. ಹಾಸಿನ ತುದಿಯಲ್ಲಿ ಕತ್ತರಿಸಿ ಉಳಿದ ರೇಷ್ಮೆಯ ಚೂರುಗಳನ್ನು ಹೊಸೆದು, ಒಂದರ ಮೇಲೊಂದು ಬಿಗಿಯಾಗಿ ಸುತ್ತಿ, ಮೇಲೆ ಹತ್ತಿಯ ಪಟ್ಟಿ ಕಟ್ಟಿದಳು. ಒಂದು ಮಧ್ಯಾಹ್ನವೆಲ್ಲ ಅದೇ ಕೆಲಸ. ಹಿಡಿ ದಪ್ಪನಾಯಿತು, ಮೆತ್ತಗಾಯಿತು. ಆದರೂ ತಂತಿಗಳು ಗುಂಯ್ ಅನ್ನುವುದನ್ನು ಬಿಡಲಿಲ್ಲ. ಮೇಡಂ ರಾಕೆಟ್ಟಿನ ತಂತಿಯಲ್ಲಿ ಒಂದು ರಬ್ಬರು ಗುಂಡಿ ಇರುವುದನ್ನು ನೋಡಿದ್ದೆನಲ್ಲ, ನನಗೂ ಅದು ಬೇಕೆಂದು ಕೈಸನ್ನೆಯಲ್ಲಿ ಹೇಳಿದೆ. ನಮ್ಮೂರಿನ ಅಂಗಡಿಗಳಲ್ಲಿ ಅಂಥದ್ದು ಸಿಗುತ್ತಿರಲಿಲ್ಲ. ಸೈಕಲ್ ಟ್ಯೂಬಿನ ಚೂರು ಕಟ್ಟಿ ನೋಡಿದ್ದೆ, ಎರಡು ಹೊಡೆತಕ್ಕೇ ಜಾರಿತ್ತು. “ಅಟ್ಟದ್ ಮೇಲೆ ಮಗ್ಗದ ಹಳೇ ರಬ್ಬರು ಐತೆ. ಭಾನುವಾರ ಮಗ್ಗ ನಿಲ್ಲಿಸಿದಾಗ ಇಳಿಸಿ ಕೊಡ್ತೀನಿ” ಅಂದಳು. ನನ್ನ ಪಂದ್ಯ ಶನಿವಾರ. ಅದನ್ನು ಇನ್ನೊಮ್ಮೆ ಹೇಳಿದ್ದರೆ ಆ ಕ್ಷಣವೇ ಏಣಿ ಹಾಕುತ್ತಿದ್ದಳು. ನಾನು ಮುಖ ಊದಿಸಿಕೊಂಡು ಎದ್ದುಹೋದೆ.

ಮರುದಿನ ಬುಧವಾರ. ಶಾಲೆಯಿಂದ ಬಂದಾಗ ಕರೆಂಟು ಹೋಗಿತ್ತು. ಎಲ್ಲರೂ ಮುಂದಿನ ಅಂಕಣದಲ್ಲಿ ಕಾಫಿ ಕುಡಿಯುತ್ತಿದ್ದರು. ಪೆಟ್ಟಿಗೆ ನೋಡುವ ಪಾಳಿ ನನ್ನದು. ಮೂರನೇ ಮಗ್ಗದ ಎಡಗಡೆಯ ಪೆಟ್ಟಿಗೆಗೆ ಬೆರಳು ಹಾಕಿದಾಗ ರಬ್ಬರು ಸ್ವಲ್ಪ ಅಲುಗಾಡಿತು. ನೆಟ್ಟಗೆ ಕೂರಿಸಬೇಕಿತ್ತು. ಕೈಗೆ ಸಿಕ್ಕಿದ್ದನ್ನು ಬಿಟ್ಟು ಅಟ್ಟ ಹತ್ತುವ ತಾಳ್ಮೆ ನನಗಿರಲಿಲ್ಲ. ಎಳೆದುಕೊಂಡೆ. ಲಂಗದ ಜೇಬಿಗೆ ಹಾಕಿಕೊಂಡು ಬಚ್ಚಲಮನೆಗೆ ಹೋಗಿ ಬ್ಲೇಡಿನಿಂದ ಅರ್ಧ ಮಾಡಿದೆ. ಮಗ್ಗಕ್ಕೆ ಏನಾಗುತ್ತದೆಂದು ಗೊತ್ತಿರಲಿಲ್ಲ ಅಂದರೆ ಅದು ಸುಳ್ಳು. ಚೆನ್ನಾಗಿ ಗೊತ್ತಿತ್ತು. ಕರೆಂಟು ಸಂಜೆಯವರೆಗೆ ಬರುವುದಿಲ್ಲ, ಅಷ್ಟರಲ್ಲಿ ಅಟ್ಟ ಹತ್ತಿ ಹಳೆಯದೊಂದನ್ನು ತಂದು ತುರುಕಿದರಾಯಿತು ಅಂದುಕೊಂಡಿದ್ದೆ. ರಬ್ಬರನ್ನು ತಂತಿಗೆ ಹುರಿಯಿಂದ ಕಟ್ಟುತ್ತಿದ್ದಾಗಲೇ ಕರೆಂಟು ಬಂತು. ಓಡಿ ಹೋದೆ. ರತ್ನತ್ತೆ ಸ್ವಿಚ್ಚಿನ ಹತ್ತಿರ ನಿಂತಿದ್ದಳು. ನನ್ನನ್ನು ನೋಡಿ ಹುಬ್ಬೇರಿಸಿದಳು. “ನೋಡಿದ್ಯಾ?”

ಅಪ್ಪ ಪಕ್ಕದಲ್ಲೇ ಇದ್ದರು. ನಾನು ತಲೆಯಾಡಿಸಿದೆ.

ಆ ಸದ್ದನ್ನು ನಾನು ಇವತ್ತಿಗೂ ಬರೆದು ಹೇಳಲಾರೆ. ಮೊದಲು ಒಂದು ಪೆಟ್ಟು, ಆಮೇಲೆ ಗೋಣಿಚೀಲ ಹರಿದಂಥ ಸಣ್ಣ ಶಬ್ದ. ಮದುವೆ ಸೀರೆಯ ಕುಂಕುಮಗೆಂಪು ಹಾಸು ನಟ್ಟನಡುವೆ ಕಡಿದು, ಎಳೆಗಳೆಲ್ಲ ಸುರುಳಿ ಸುತ್ತಿ ನಿಂತಿದ್ದವು. ಅಪ್ಪ ತಲೆಯ ಮೇಲೆ ಕೈಹೊತ್ತರು. ರತ್ನತ್ತೆ ಪೆಟ್ಟಿಗೆಗೆ ಬೆರಳು ಹಾಕಿ ತಡಕಿದಳು. ಖಾಲಿ ಜಾಗದಲ್ಲಿ ಬೆರಳು ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. “ರಬ್ಬರು ಸವೆದು ಬಿದ್ದೋಗೈತೆ. ನಾನೇ ನೋಡ್ಕಳ್ಳಿಲ್ಲ” ಅಂದಳು. ಅಪ್ಪ ಕೂಗಾಡಿದರು. ಅವಳಿಗೆ ಕೇಳಿಸಲಿ ಎಂದು ಇನ್ನೂ ಜೋರಾಗಿ ಕೂಗಿದರು, ಬೀದಿಗೆಲ್ಲ ಕೇಳಿಸಿತು. “ಕಿವಿ ಅಂತೂ ಇಲ್ಲ, ಈಗ ಕಣ್ಣೂ ಹೋಯ್ತಾ? ಈ ಹಾಸು ಕಟ್ಟಿ ಮುಗಿಸು, ಆಮೇಲೆ ಮಗ್ಗದ್ ಹತ್ರ ಬರ್ಬೇಡ. ಕಂಡಿಕೆ ಸುತ್ಕೊಂಡು ಕೂತ್ಕೋ.” ಕಂಡಿಕೆ ಅಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕಡ್ಡಿ. ಅದನ್ನು ಸುತ್ತುವುದು ನಮ್ಮಂಥ ಮಕ್ಕಳ ಕೆಲಸವಾಗಿತ್ತು.

ಕಡಿದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕಲು ಅವಳಿಗೆ ನಾಲ್ಕು ದಿನ ಹಿಡಿಯಿತು. ಗುರುವಾರ, ಶುಕ್ರವಾರ ಶಾಲೆ ಬಿಟ್ಟ ಮೇಲೆ ನಾನು ಪಕ್ಕದಲ್ಲಿ ಕೂತೆ. ನೇಕಾರರ ಗಂಟು ಹಾಕುವುದನ್ನು ಅವಳು ನನಗೆ ಕಲಿಸಿದ್ದು ಆಗಲೇ. ಎಳೆಯ ತುದಿಗೆ ನಾಲಿಗೆ ತಾಗಿಸಿ, ಹೆಬ್ಬೆರಳ ಮೇಲೆ ಒಂದು ಸುತ್ತು, ಎಳೆದರೆ ಕಣ್ಣಿಗೇ ಕಾಣದಷ್ಟು ಸಣ್ಣ ಗಂಟು. ಅವಳು ಆಗಾಗ ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಎಳೆ ಕಾಣದೆ ಕಣ್ಣು ಸೋತಿರಬೇಕು ಎಂದು ನಾನು ನನಗೇ ಹೇಳಿಕೊಂಡೆ.

ಶನಿವಾರ ಬೆಳಿಗ್ಗೆ ರಾಕೆಟ್ಟು ಎತ್ತಿಕೊಂಡು ತಂತಿ ನೋಡಿದೆ. ನಾನು ಒರಟಾಗಿ ಕಟ್ಟಿದ್ದ ಹುರಿ ಇರಲಿಲ್ಲ. ಕಪ್ಪು ರಬ್ಬರನ್ನು ದುಂಡಗೆ ಕತ್ತರಿಸಿ, ಎರಡು ನಡುತಂತಿಗಳ ಮಧ್ಯೆ ಕೂರಿಸಿ, ಕೆಂಪು ರೇಷ್ಮೆಯ ಎಳೆಯಿಂದ ಕಟ್ಟಲಾಗಿತ್ತು. ಅದೇ ಸಣ್ಣ ಗಂಟು. ರತ್ನತ್ತೆ ಕೊಟ್ಟಿಗೆಯಲ್ಲಿ ಹಾಸಿನ ಮುಂದೆ ಬಗ್ಗಿ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತೆ, ಒಳಗೆ ಹೋಗಲಿಲ್ಲ, ಬಸ್ಸಿಗೆ ಹೊತ್ತಾಯಿತು ಎಂದು ಓಡಿದೆ. ಅವತ್ತು ರಾಕೆಟ್ಟು ಗುಂಯ್ ಅನ್ನಲಿಲ್ಲ. ಮೊಣಕೈಯೂ ಅಷ್ಟು ನೋಯಲಿಲ್ಲ. ನಾನು ಗೆದ್ದೆ. ಮೇಡಂ ತಂತಿ ಮುಟ್ಟಿ ನೋಡಿ “ಯಾರು ಕಟ್ಟಿದ್ದು ಇಷ್ಟು ಚೆನ್ನಾಗಿ?” ಅಂದರು. “ನಮ್ಮತ್ತೆ” ಅಂದೆ. ಆ ವಾರ ನಾನು ಹೇಳಿದ ಒಂದೇ ಒಂದು ನಿಜ ಅದು.

ಆಮೇಲೆ ರತ್ನತ್ತೆ ಮಗ್ಗ ಮುಟ್ಟಲಿಲ್ಲ. ಅಡುಗೆಮನೆಯ ಪಕ್ಕದ ಜಗುಲಿಯಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಬಿಡುವಾದಾಗ ಹಿಂದಿನ ಗೋಡೆಗೆ ಅಂಗೈ ಒತ್ತಿ ಕೂರುವಳು. “ಮೂರನೇದು ಸರಿಯಾಗಿ ಓಡ್ತಿಲ್ಲ” ಎಂದು ತನ್ನಷ್ಟಕ್ಕೆ ಅನ್ನುವಳು. ಯಾರೂ ಎದ್ದು ಹೋಗಿ ನೋಡುತ್ತಿರಲಿಲ್ಲ. ನಾನು ಶಾಲೆ, ಕಾಲೇಜು ಎಂದು ಎರಡು ರಾಕೆಟ್ಟು ಬದಲಾಯಿಸಿದೆ, ಪ್ರತಿ ಸಲವೂ ಆ ರಬ್ಬರನ್ನು ಬಿಚ್ಚಿ ಹೊಸದಕ್ಕೆ ಕಟ್ಟಿಕೊಂಡೆ. ಮಗ್ಗಗಳು ಒಂದೊಂದಾಗಿ ಹಳೇ ಕಬ್ಬಿಣದ ಲೆಕ್ಕಕ್ಕೆ ಹೋದವು. ಮೊದಲು ಹೋದದ್ದು ಮೂರನೆಯದು.

ರತ್ನತ್ತೆ ಕೊನೆಯ ಸಲ ಹಾಸಿಗೆ ಹಿಡಿದಾಗ ನನಗೆ ಮಗಳು ಹುಟ್ಟಿ ಆರು ತಿಂಗಳಾಗಿತ್ತು. ಅತ್ತೆಯ ಕಿವಿಗೆ ಆಗ ಏನೂ ಬೀಳುತ್ತಿರಲಿಲ್ಲ, ಆದ್ದರಿಂದ ನಾನು ಬಾಯಲ್ಲಿ ಹೇಳಲು ಹೋಗಲಿಲ್ಲ. ರಬ್ಬರನ್ನು ಬಿಚ್ಚಿ ತಂದು ಅವಳ ಅಂಗೈಯಲ್ಲಿಟ್ಟೆ. ಬೆರಳಿನಿಂದ ತಿರುಗಿಸಿ ನೋಡಿದಳು, ಮೂಸಿದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವಳ ಕಣ್ಣಲ್ಲಿ ಬರಲಿಲ್ಲ. “ಅವತ್ತೇ ನಿನ್ ಹೆಸರು ಹೇಳಿದ್ರೆ ನಿಮ್ಮಪ್ಪ ಆ ರಾಕೆಟ್ಟು ಮುರಿದು ಒಲೆಗೆ ಹಾಕ್ತಿದ್ದ. ಅದಕ್ಕೇ ಸುಮ್ನಾದೆ” ಅಂದಳು. ರಬ್ಬರನ್ನು ಇನ್ನೊಮ್ಮೆ ತಿರುಗಿಸಿ, “ನೀನೇ ಬಂದು ಹೇಳ್ತೀಯ ಅಂತ ಕಾಯ್ತಿದ್ದೆ ಕಣೆ. ಆ ನಾಕು ದಿನ ಪೂರ್ತಿ ಕಾದೆ. ಆಮೇಲೆ ಕಂಡಿಕೆ ಸುತ್ತೋದೇ ರೂಢಿ ಆಗೋಯ್ತು” ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ರಬ್ಬರನ್ನು ನನ್ನ ಕೈಗೇ ವಾಪಸು ಕೊಟ್ಟು, ಮೊಣಕೈ ಹಿಡಿದು ಒತ್ತಿ, “ಈಗ ನೋವು ಐತಾ?” ಅಂದಳು. ಇಲ್ಲವೆಂದು ತಲೆಯಾಡಿಸಿದೆ. ಅವಳು ನನ್ನ ತಲೆಯಾಟವನ್ನು ಈ ಸಲವೂ ನಂಬಿದಳು.

ಈಗ ಆ ಮನೆ ಇದ್ದ ಜಾಗದಲ್ಲಿ ಬೈಕುಗಳ ಶೋರೂಮಿದೆ. ಹೋದ ತಿಂಗಳು ಕಲ್ಲುಬೆಂಚಿನ ಮೇಲೆ ಕೂತು ಆ ಹಳದಿ ಗುಂಡಿ ಪಕ್ಕಕ್ಕಿಟ್ಟು, ಪರ್ಸಿನಲ್ಲಿದ್ದ ಕಪ್ಪು ರಬ್ಬರನ್ನೇ ಮಗಳ ರಾಕೆಟ್ಟಿಗೆ ಕಟ್ಟುತ್ತಿದ್ದೆ. ಅವಳಿಗೂ ಮೊಣಕೈ ನೋವು ಶುರುವಾಗಿದೆ. ಅವಳ ಕೋಚ್, ಇನ್ನೂ ಮೀಸೆ ಬಲಿಯದ ಹುಡುಗ, ನಿಂತು ನೋಡಿ ನಕ್ಕ. “ಇದ್ರಿಂದ ಕೈಗೆ ಏನೂ ಪ್ರಯೋಜನ ಇಲ್ಲ ಮೇಡಂ. ತಂತಿ ಸದ್ದು ಕಮ್ಮಿ ಆಗುತ್ತೆ ಅಷ್ಟೇ. ಮೊಣಕೈ ನೋವಿಗೆ ಹಿಡಿ ದಪ್ಪ ಮಾಡಿ, ಮೆತ್ತಗೆ ಸುತ್ತಿಸ್ಬೇಕು” ಅಂದ.

ಹಿಡಿ ದಪ್ಪ ಮಾಡಿ, ಮೆತ್ತಗೆ ಸುತ್ತಿ, ರತ್ನತ್ತೆ ಮಂಗಳವಾರವೇ ಕೊಟ್ಟಿದ್ದಳು. ನನ್ನ ಕೈ ಉಳಿದದ್ದು ಅದರಿಂದ. ಬುಧವಾರ ನಾನು ಕದ್ದದ್ದು ಒಂದು ಸದ್ದು ನಿಲ್ಲಿಸುವುದಕ್ಕೆ ಮಾತ್ರ. ಅವಳ ಮಗ್ಗ ಹೋದದ್ದು ಅಷ್ಟಕ್ಕೇ. ಇದನ್ನು ಕೇಳಿದ್ದರೆ ಅವಳು ನಗುತ್ತಿದ್ದಳೋ, ಅಥವಾ ಕೊನೆಗೊಮ್ಮೆ ನನ್ನನ್ನು ಬೈಯುತ್ತಿದ್ದಳೋ ಗೊತ್ತಿಲ್ಲ. ಆ ಗಳಿಗೆಯಲ್ಲಿ ಎದ್ದು ದೊಡ್ಡಬಳ್ಳಾಪುರದ ಬಸ್ಸು ಹತ್ತಿ, ಜಗುಲಿಗೆ ಹೋಗಿ, ಕಂಡಿಕೆ ಸುತ್ತುವ ಆ ಕೈ ಹಿಡಿದು ನಿಲ್ಲಿಸಿ ಹೇಳಿಬಿಡಬೇಕು ಅನ್ನಿಸಿತು. ಈ ಸಲ ಅವಳನ್ನು ಒಂದು ದಿನವೂ ಕಾಯಿಸುತ್ತಿರಲಿಲ್ಲ.