ಫೋನಿನಲ್ಲಿ ಕೇಳಿದ ಗರಗಸ

ಬೆಳಗಿನ ಐದೂವರೆ. ಹೈದರಾಬಾದಿನ ಬೇಗಂಪೇಟೆ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಒಂದು ಶಟರ್ ಎದ್ದಿದೆ. ಒಳಗೆ ಲುಂಗಿ ಎತ್ತಿ ಕಟ್ಟಿದ ನಲವತ್ತೈದರ ಆಸುಪಾಸಿನ ಮನುಷ್ಯರೊಬ್ಬರು ಮರದ ಡಬ್ಬಿಯೊಂದಕ್ಕೆ ಊದಿನಕಡ್ಡಿ ಹಿಡಿದಿದ್ದಾರೆ. ಪೂಜೆ ಎಂದುಕೊಂಡು ನಾನು ಚಪ್ಪಲಿ ಬಿಡುತ್ತೇನೆ. ‘ಹಾಕ್ಕೊಳ್ರಿ ಅಕ್ಕಾರ, ಮೊಳಿ ಬಿದ್ದಾವ’ ಎನ್ನುತ್ತಾರೆ ಬೂದೆಪ್ಪ. ಅದು ಪೂಜೆಯಲ್ಲ, ಪರೀಕ್ಷೆ. ಡಬ್ಬಿಯೊಳಗೆ ಸ್ಪೀಕರ್ ಸಣ್ಣಗೆ ಗುಡುಗುತ್ತಿದೆ. ಹಲಗೆಗಳು ಕೂಡಿದ ಅಂಚಿನುದ್ದಕ್ಕೂ ಕಡ್ಡಿ ಸರಿಸಿದಾಗ ಹೊಗೆ ಎಲ್ಲಿ ನಡುಗುತ್ತದೋ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ.

ಇವು ಕಾರಿನ ಡಿಕ್ಕಿಯಲ್ಲಿ ಕೂರುವ ಡಬ್ಬಿಗಳು. ಮಾದಾಪುರದ ಗಾಜಿನ ಕಟ್ಟಡಗಳಲ್ಲಿ ದುಡಿಯುವವರಿಗೆ ಈಗ ಸಂಬಳದ ಜೊತೆಗೆ ಒಂದು ಹವ್ಯಾಸವೂ ಬೇಕು. ಕಾರಿನ ಜೊತೆ ಬಂದ ಸ್ಟೀರಿಯೋ ಕಿತ್ತುಹಾಕಿ ತಮಗೆ ಬೇಕಾದಂತೆ ಸೌಂಡ್ ಸಿಸ್ಟಂ ಕಟ್ಟಿಕೊಳ್ಳುವುದು ಈಚಿನ ವರ್ಷಗಳ ಹುಚ್ಚು. ಆಂಪ್ಲಿಫೈಯರ್ ಅಂಗಡಿಯಲ್ಲಿ ಸಿಗುತ್ತದೆ, ಸ್ಪೀಕರ್ ವಿಮಾನದಲ್ಲಿ ಬರುತ್ತದೆ. ಡಬ್ಬಿಯನ್ನು ಮಾತ್ರ ಆಯಾ ಕಾರಿನ ಹೊಟ್ಟೆ ಅಳೆದೇ ಮಾಡಬೇಕು. ಅದು ಕೆಟ್ಟರೆ ಎಂಥ ಸ್ಪೀಕರ್ ಹಾಕಿದರೂ ಒಡಕು ಮಡಕೆ ಬಡಿದ ಸದ್ದೇ ಗತಿ. ಬೂದೆಪ್ಪ ಎಂಟು ವರ್ಷಗಳಲ್ಲಿ ಆರುನೂರಕ್ಕೂ ಹೆಚ್ಚು ಡಬ್ಬಿ ಮಾಡಿದ್ದಾರೆ. ಒಂದಕ್ಕೆ ನಾಲ್ಕು ದಿನ, ನೂರಿಪ್ಪತ್ತು ಸ್ಕ್ರೂ, ಒಂದು ಡಬ್ಬ ಫೆವಿಕಾಲು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಮೂರು ತಿಂಗಳ ಹಿಂದೆ ಇದೇ ಪುರವಣಿಯಲ್ಲಿ ಸುಶಾಂತ ಎಂಬ ಎಂಜಿನಿಯರ್ ಬಗ್ಗೆ ನಾನು ಅರ್ಧ ಪುಟ ಬರೆದಿದ್ದೆ. ಮೂರು ತಲೆಮಾರಿನಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡು ಬಂದ ಕನ್ನಡ ಮನೆತನದ ಹುಡುಗ, ರಜಾದಿನಗಳಲ್ಲಿ ಸ್ವಂತ ಕೈಯಿಂದ ಕಾರಿಗೆ ಸೌಂಡ್ ಸಿಸ್ಟಂ ಕಟ್ಟುತ್ತಿದ್ದಾನೆ ಎಂದು ಹೊಗಳಿದ್ದೆ. ಭೇಟಿ ಮಾಡಿರಲಿಲ್ಲ, ಫೋನಿನಲ್ಲೇ ಮಾತಾಡಿದ್ದೆ. ಮಾತಿನ ಹಿಂದೆ ಗರಗಸದ ಸದ್ದು ಕೇಳುತ್ತಿತ್ತು. ‘ನನ್ನೊಡನೆ ಮಾತಾಡುವಾಗಲೂ ಅವರ ಗರಗಸ ನಿಲ್ಲಲಿಲ್ಲ’ ಎಂದು ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಒಂದು ಕೈಯಲ್ಲಿ ಫೋನ್ ಹಿಡಿದವನು ಹಲಗೆ ಹೇಗೆ ಕೊಯ್ಯುತ್ತಾನೆ ಎಂದು ಕೇಳುವ ಬುದ್ಧಿ ನನಗಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವಳು ನಾನು.

ಆಮೇಲೆ ಊರಿನ ಕಾರ್ ಸೌಂಡ್ ಸಿಸ್ಟಂ ಸ್ಪರ್ಧೆಯಲ್ಲಿ ‘ಸ್ವಂತ ಕೈಯಲ್ಲಿ ಕಟ್ಟಿದ್ದು’ ವಿಭಾಗದ ಮೊದಲ ಬಹುಮಾನ ಆ ಕಾರಿಗೇ ಬಂತು. ಅರ್ಜಿಯ ಜೊತೆ ನನ್ನ ಲೇಖನವನ್ನೂ ಕತ್ತರಿಸಿ ಅಂಟಿಸಿದ್ದರಂತೆ. ಹೋದ ವಾರ ನಮ್ಮ ಕಚೇರಿಗೆ ಫೋನ್ ಬಂತು. ‘ಅಕ್ಕಾರ, ನಿಮ್ಮ ಪೇಪರಿನ್ಯಾಗ ಗರಗಸದ ಸಪ್ಪಳ ಬಂದೈತಲ್ರಿ, ಅದು ನಂದು.’

ಬೂದೆಪ್ಪನವರದು ಗುಲ್ಬರ್ಗಾ ಕಡೆಯ ಸುರಪುರ ತಾಲ್ಲೂಕು. ಹೆಂಡತಿ ಬಂಡೆಮ್ಮನ ಜೊತೆ ಮಾದಾಪುರಕ್ಕೆ ಬಂದಾಗ ಅಲ್ಲಿ ಬಂಡೆಗಲ್ಲು ಬಿಟ್ಟರೆ ಏನೂ ಇರಲಿಲ್ಲ. ಬಂಡೆಮ್ಮ ಮರಳು ಹೊತ್ತರು, ಇವರು ಸೆಂಟ್ರಿಂಗ್ ಹಲಗೆ ಹೊಡೆದರು. ‘ಕಂಬಕ್ಕ ಮೊದಲು ಮರದ ಡಬ್ಬಿ ಮಾಡಬೇಕ್ರಿ. ಒಳಗ ಕಾಂಕ್ರೀಟ್ ಸುರೀತಾರ. ಅದು ಗಟ್ಟಿ ಆದಮ್ಯಾಲ ನಮ್ಮ ಡಬ್ಬಿ ಬಡದು ಕಿತ್ತು ಒಗೀತಾರ. ಕಂಬ ನಿಂತಿರ್ತೈತಿ, ಡಬ್ಬಿ ಎಲ್ಲೈತ್ರಿ?’ ಎರಡನೇ ಮಹಡಿಯಿಂದ ಬಿದ್ದು ಸೊಂಟ ಮುರಿದ ಮೇಲೆ ಈ ಅಂಗಡಿ ಸೇರಿದರು. ಇಂದಿಗೂ ನೆಲದಲ್ಲಿ ಕೂತು ಏಳಬೇಕಾದರೆ ಗೋಡೆ ಹಿಡಿಯಬೇಕು.

ಅಂಗಡಿಯಲ್ಲಿ ನಡೆಯುವುದು ತೆಲುಗು, ಇಲ್ಲವೇ ಹಿಂದಿ. ಇವರನ್ನು ಎಲ್ಲರೂ ‘ಮೇಸ್ತ್ರಿ’ ಎನ್ನುತ್ತಾರೆ. ಹೆಸರು ಕೇಳಿದವರಿಲ್ಲ, ಊರು ಕೇಳಿದವರಂತೂ ಇಲ್ಲವೇ ಇಲ್ಲ. ಸುಶಾಂತನೂ ಇವರನ್ನು ತೆಲುಗಿನವರೆಂದೇ ತಿಳಿದಿದ್ದ. ಆದ್ದರಿಂದಲೇ ಅಂದು ಇವರೇ ಪೇರಿಸಿಟ್ಟ ಪ್ಲೈವುಡ್ಡಿನ ಮೇಲೆ ಕಾಲು ಇಳಿಬಿಟ್ಟು ಕೂತು, ಫೋನಿನಲ್ಲಿ ನನಗೆ ಅಚ್ಚ ಕನ್ನಡದಲ್ಲಿ ಹೇಳಿದ್ದ: ‘ಎಲ್ಲಾ ನನ್ನ ಕೈಯಿಂದನ ಮಾಡೇನ್ರಿ, ಮೇಡಂ. ಹಿಂಗ ಕೂತರ ಊಟದ ನೆನಪೂ ಇರೂದಿಲ್ಲ.’ ಮೂರು ಮೊಳ ದೂರದಲ್ಲಿ ಬೂದೆಪ್ಪ ಅದೇ ಡಬ್ಬಿಯ ಹಲಗೆ ಕೊಯ್ಯುತ್ತಿದ್ದರು.

‘ಅದನ್ನ ಕೇಳಿಯೂ ಗರಗಸ ನಿಲ್ಲಿಸಲಿಲ್ವಾ?’ ಎಂದರೆ ನಗುತ್ತಾರೆ. ‘ನಿಲ್ಲಿಸಿದ್ರ, ಇಂವ ಕೇಳಾಕತ್ತಾನ ಅಂತ ಗೊತ್ತಾಗತಿತ್ತಲ್ರಿ.’

ಕೈ ಕೆಸರಾದರೆ ಬಾಯಿ ಮೊಸರು ಎಂದು ಶಾಲೆಯಲ್ಲಿ ಕಲಿಸಿದರು. ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು ಎಂದು ಯಾರೂ ಕಲಿಸಲಿಲ್ಲ. ಎಲೆಮರೆಯ ಕಾಯಿ ಎಂಬ ಮಾತನ್ನು ನಮ್ಮ ಪುರವಣಿ ಎಷ್ಟು ಸಲ ಬಳಸಿದೆಯೋ ಲೆಕ್ಕವಿಲ್ಲ. ಈ ಕಾಯಿಗೆ ಅಡ್ಡ ಬಂದ ಎಲೆ ನಾನೇ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಬರೆದರೆ ನಷ್ಟ ನನಗಲ್ಲ, ಅವರಿಗೆ. ಇವರು ಪೇಪರಿಗೆ ಫೋನ್ ಮಾಡಿದ ಸುದ್ದಿ ಕಿವಿಗೆ ಬಿದ್ದ ಅಂಗಡಿ ಮಾಲೀಕ ಆಗಲೇ ಹೇಳಿದ್ದಾನೆ, ಹೆಸರು ಹೊರಗೆ ಬಂದ ದಿನವೇ ಕೆಲಸ ಹೋಯಿತೆಂದು. ‘ಮಾಲಕರದೂ ಸುಳ್ಳಲ್ರಿ’ ಎನ್ನುತ್ತಾರೆ ಬೂದೆಪ್ಪ. ‘ಇಲ್ಲಿಗೆ ಬರೋರು ಡಬ್ಬಿ ಕೊಳ್ಳಾಕ ಬರೂದಿಲ್ಲ. ನಾನ ಮಾಡಿದ್ದು ಅನ್ನೋ ಮಾತು ಕೊಳ್ಳಾಕ ಬರ್ತಾರ. ಮಾಡಿದವನ ಹೆಸರು ಹೇಳಿದ್ರ ಆ ಮಾಲು ಹೆಂಗ ಮಾರಬೇಕ್ರಿ?’

ಅಷ್ಟರಲ್ಲಿ ಓಣಿಯ ತುದಿಯಿಂದ ಧಿಂ ಧಿಂ ಎಂಬ ಸದ್ದು. ಬೂದೆಪ್ಪ ತಲೆ ಎತ್ತುವುದೂ ಇಲ್ಲ. ‘ನನ್ನ ಡಬ್ಬಿ ಬಂತ್ರಿ. ಗುಂಯ್ ಅನ್ನಾಕತ್ತೈತಿ, ಕೇಳ್ರಿ.’ ಧಿಂ ಎಂದ ಪ್ರತಿ ಸಲವೂ ಬೆನ್ನಿಗೇ ನೊಣ ಹಾರಿದಂಥ ಸಣ್ಣ ಸದ್ದು. ನನ್ನನ್ನು ಇಷ್ಟು ಬೇಗ ಯಾಕೆ ಕರೆಸಿದರೆಂದು ಈಗ ತಿಳಿಯುತ್ತದೆ. ಇನ್ನು ಹದಿನೈದು ದಿನಕ್ಕೆ ಮುಂಬೈಯಲ್ಲಿ ದೊಡ್ಡ ಸ್ಪರ್ಧೆ. ಡಬ್ಬಿಯಲ್ಲಿ ಸದ್ದು ಹುಟ್ಟಿದೆ, ಕಟ್ಟಿದೆನೆಂದವನಿಗೆ ಅದನ್ನು ಬಿಚ್ಚಲು ಬಾರದು.

ಕಾರಿನಿಂದ ಇಳಿದ ಸುಶಾಂತ ನನ್ನನ್ನು ಗಿರಾಕಿ ಎಂದುಕೊಳ್ಳುತ್ತಾನೆ. ‘ಮೇಸ್ತ್ರಿ, ಜರಾ ಜಲ್ದಿ,’ ಎಂದು ಹಿಂದಿಯಲ್ಲಿ ಅವಸರಿಸುತ್ತಾನೆ. ಬೂದೆಪ್ಪ ಗೋಡೆ ಹಿಡಿದು ಏಳುತ್ತಾರೆ, ಲುಂಗಿಗೆ ಕೈ ಒರೆಸಿಕೊಳ್ಳುತ್ತಾರೆ, ಕನ್ನಡದಲ್ಲಿ ಹೇಳುತ್ತಾರೆ: ‘ಸಾಹೇಬ್ರ, ನಿಮ್ಮ ಬಗ್ಗೆ ಪೇಪರಿನ್ಯಾಗ ಬರದ ಅಕ್ಕಾರು ಇವರ ನೋಡ್ರಿ.’

ಆ ಹುಡುಗನ ಮುಖದಲ್ಲಿ ರಕ್ತವೇ ಇಲ್ಲ. ನನಗೆ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

‘ನಿಮಗ ಕನ್ನಡ ಬರ್ತದ?’ ಎನ್ನುತ್ತಾನೆ. ‘ಮತ್ತ ಒಂದು ದಿನಾನೂ ಹೇಳಲಿಲ್ಲಲ್ಲ?’

‘ನೀವೂ ಹೇಳಲಿಲ್ರಿ’ ಎನ್ನುತ್ತಾರೆ ಬೂದೆಪ್ಪ.

ಸುಶಾಂತ ನನ್ನ ಕಡೆ ತಿರುಗುತ್ತಾನೆ. ‘ಮೇಡಂ, ಡಿಸೈನ್ ನಂದ ಅದ. ಇವರು ಬರೇ ಕಟ್ ಮಾಡ್ಯಾರ. ಮುಂಬೈ ಮುಗಿಯೂ ತನಕ ಏನೂ ಬರಿಬ್ಯಾಡ್ರಿ.’ ಡಿಸೈನ್ ಎಂದರೆ ಕಂಪ್ಯೂಟರಿನಿಂದ ತೆಗೆದ ಒಂದು ಚಿತ್ರ, ಅದೂ ಬೇರೆ ಕಾರಿನದು. ಈ ಡಿಕ್ಕಿಗೆ ಅದು ಹಿಡಿಸದೆ ಬೂದೆಪ್ಪ ರಟ್ಟು ಕತ್ತರಿಸಿ, ಇಟ್ಟು ನೋಡಿ, ಮತ್ತೆ ಕತ್ತರಿಸಿ ನಾಲ್ಕು ಮುಂಜಾನೆ ಕಳೆದಿದ್ದರು. ಆ ರಟ್ಟುಗಳು ಇನ್ನೂ ಮೂಲೆಯಲ್ಲಿವೆ, ನಾನು ಮುಟ್ಟಿ ನೋಡಿದ್ದೇನೆ.

ಬೂದೆಪ್ಪ ವಾದಕ್ಕೆ ನಿಲ್ಲುವುದಿಲ್ಲ. ಡಬ್ಬಿ ಇಳಿಸಿ, ಸ್ಪೀಕರ್ ಬಿಚ್ಚಿ, ಒಳಗೆ ಮೊಣಕೈವರೆಗೆ ಕೈ ಇಳಿಸಿ ಆಧಾರಕ್ಕೆ ಕೊಟ್ಟ ಪಟ್ಟಿಯೊಂದನ್ನು ಅಲುಗಾಡಿಸುತ್ತಾರೆ. ಅದು ಎರಡು ಸೂತು ಗಿಡ್ಡ. ಇಂಚಿನ ಎಂಟನೇ ಒಂದು ಪಾಲಿಗೆ ಬಡಗಿಗಳು ಸೂತು ಎನ್ನುತ್ತಾರೆ. ಸಂದಿಗೆ ತುಂಬಿದ್ದ ಮರದ ಹೊಟ್ಟು, ಫೆವಿಕಾಲು ಒಣಗಿ ಉದುರಿದೆ. ‘ಆವತ್ತು ಕೊಯ್ದ ಪಟ್ಟಿ ಇದು,’ ಎಂದು ನನಗೆ ತೋರಿಸುತ್ತಾರೆ. ‘ಎಲ್ಲಾ ನನ್ನ ಕೈಯಿಂದನ ಅಂದ್ರಲ್ರಿ, ಆಗ ಗರಗಸ ನಿಲ್ಲಿಸಲಿಲ್ಲ ಖರೆ. ಕೈ ಮಾತ್ರ ಜಾರಿತು.’

ಹೊಸ ಪಟ್ಟಿ ಕೊಯ್ದು ಕೂಡಿಸುತ್ತಾರೆ. ಕೆಟ್ಟದ್ದನ್ನು ಹಾಗೇ ಬಿಡಬಹುದಿತ್ತಲ್ಲ ಎಂದರೆ, ‘ಡಬ್ಬಿ ಏನು ಮಾಡೈತ್ರಿ ಪಾಪ’ ಎನ್ನುತ್ತಾರೆ. ಊದಿನಕಡ್ಡಿ ಹಚ್ಚಿ ನಾಲ್ಕೂ ಅಂಚು ಸುತ್ತಿಸುತ್ತಾರೆ. ಹೊಗೆ ನೆಟ್ಟಗೆ ಏರುತ್ತದೆ. ಸುಶಾಂತ ಥ್ಯಾಂಕ್ಸ್ ಕೂಡ ಹೇಳದೆ ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ. ಗುಂಯ್ ಎಂಬ ಸದ್ದು ಈಗ ಇಲ್ಲ.

ಏಳು ಗಂಟೆ. ಇನ್ನೇನು ಮಾಲೀಕ ಬರುವ ಹೊತ್ತು. ಬರೆಯಲೋ ಬೇಡವೋ ಎಂದು ಕೇಳುತ್ತೇನೆ. ಅವರು ನೆಲ ಗುಡಿಸುವುದನ್ನು ನಿಲ್ಲಿಸುತ್ತಾರೆ.

‘ಬರೀರಿ. ಕೆಲಸ ಹೋದ್ರ ಸೆಂಟ್ರಿಂಗ್ ಐತಿ, ಮಾದಾಪುರ ಇನ್ನೂ ಮುಗದಿಲ್ಲ. ಆ ಡಬ್ಬಿ ಬೂದೆಪ್ಪ ಮಾಡಿದ್ದು ಅಂತ ಬರೀರಿ. ಎರಡು ಸೂತು ತಪ್ಪಿದ್ದೂ ಬೂದೆಪ್ಪನ ಅಂತ ಬರೀರಿ, ಮರೀಬ್ಯಾಡ್ರಿ. ಅದೊಂದನ್ನ ಮಾತ್ರ ಯಾರೂ ತಮ್ಮದು ಅನ್ನಾಂಗಿಲ್ಲ.’