ಪಾವಣೇರ ಖೋಲಿ

ನಾ ಮಾಡೂ ಕೆಲಸ ಏನಂತ ನಮ್ಮ ವಡಗಾವಿ ಓಣ್ಯಾಗ ಯಾರಿಗೂ ಇನ್ನೂ ಬರೋಬರಿ ತಿಳಿದಿಲ್ಲ. "ಕಟ್ಟಲಾರದ ಮನೀದು ಫೋಟೋ ತಗೀತಾಳ" ಅಂತ ನಮ್ಮವ್ವ ಬಾಜೂ ಮನ್ಯಾಕಿಗೆ ಹೇಳತಾಳ. ತಪ್ಪೇನಿಲ್ಲ ಬಿಡ್ರಿ. ಪಾಯಾ ಸುದ್ದಾ ತಗದಿರದ ಮನಿ ನಾಳೆ ಹೆಂಗ ಕಾಣತೈತಿ ಅಂತ, ನಕಾಶೆ ನೋಡಿ, ಕಂಪ್ಯೂಟರಿನ್ಯಾಗ ಖರೇ ಫೋಟೋದಂಗ ಚಿತ್ರ ಮಾಡಿ ತೋರಸೂದು. ಅದಕ್ಕ ರೆಂಡರ್ ಅಂತಾರ.

ನಮ್ಮ ಆಫೀಸು ಬೆಳಗಾವಿ ಶಿವಬಸವ ನಗರದಾಗ ಐತಿ. ನಡಸವರು ನಮ್ಮ ಮ್ಯಾಡಮ್ಮು, ತಾವ ಆರ್ಕಿಟೆಕ್ಟ್. ಅವರದೊಂದು ಪದ್ಧತಿ. ಶನಿವಾರ ಚಾ ಕುಡ್ಯೂ ಹೊತ್ತಿಗೆ ಯಾರದರ ಒಂದು ಚಿತ್ರ ಗ್ವಾಡಿಗೆ ಹಚ್ಚೂದು, ಎಲ್ಲಾರೂ ಅದರ ಮುಂದ ನಿಂತು ಮಾತಾಡೂದು. ಬರೇ "ಚಲೋ ಐತಿ" ಅನ್ನೂಹಂಗಿಲ್ಲ, ಬರೇ "ಚಲೋ ಇಲ್ಲ" ಅಂತನೂ ಅನ್ನೂಹಂಗಿಲ್ಲ. ಎಲ್ಲಿ ತಪ್ಪೈತಿ, ಯಾಕ ತಪ್ಪು, ಏನ್ ಮಾಡಿದ್ರ ಸುಧಾರಸತೈತಿ, ಅಷ್ಟೂ ಹೇಳಬೇಕು. ಚಿತ್ರ ಮಾಡಿದಾಕಿ ಮಾತ್ರ ಬಾಯಿ ಮುಚಗೊಂಡು ಕುಂದರಬೇಕು. ನನಗ ಅದ ದೊಡ್ಡ ಶಿಕ್ಷಾ. ನಾ ಸುಮ್ನ ಕುಂದರೂ ಪೈಕಿ ಅಲ್ಲ.

ಹಿಂಗಿರಬೇಕಾದ್ರ ಖಾನಾಪುರದ ಒಂದು ಮನಿ ಕೆಲಸ ನನ್ನ ಕೊರಳಿಗೆ ಬಿತ್ತು. ತಾಯಿ, ಮಗ, ಸೊಸಿ, ಮತ್ತ ಗಂಡನ ಮನಿ ಬಿಟ್ಟು ಬಂದ ಹಿರೇ ಮಗಳು. ಹಳೇ ಮನಿ ಕೆಡವಿ ಅಲ್ಲೇ ಹೊಸಾದು ಕಟ್ಟವರಿದ್ರು. ನಕಾಶೆದಾಗ ಹಿತ್ತಲ ಕಡೆ ಒಂದು ಸಣ್ಣ ಖೋಲಿ, ಅದರ ಮ್ಯಾಲ "ಅಕ್ಕನ ಖೋಲಿ" ಅಂತ ಬರದಿತ್ತು. ಎಲ್ಲಾ ಸುರಳೀತ ನಡದಿತ್ತು, ಅಷ್ಟರಾಗ ಆ ಅಕ್ಕನ ತಮ್ಮನ ಫೋನ್ ಬಂತು. "ಅದಕ್ಕ ಪಾವಣೇರ ಖೋಲಿ ಅಂತ ಬರೀರಿ. ನೆಂಟರು-ಬೀಗರು ಬಂದ್ರ ಬೇಕಲ್ರೀ." ಆತು ಅಂತ ಬರದೆ. ಮರುದಿನ ಅದ ಫೋನಿಂದ ತಾಯಿ ಮಾತಾಡಿದ್ರು. ಅರ್ಧ ಮರಾಠಿ, ಅರ್ಧ ಕನ್ನಡ. "ಅದು ನನ್ನ ಮಗಳ ಖೋಲಿ ಐತವಾ, ಯಾರ ಏನ ಅಂದ್ರೂ ಕೇಳಬ್ಯಾಡ."

ಇನ್ನ ನಾ ಯಾರ ಮಾತು ಕೇಳ್ಲಿ? ಯಾರಿಗೂ ಸಿಟ್ಟು ಬರಬಾರದು ಅಂತ ಒಂದು ಪಲಂಗ, ಬಿಳೇ ಚಾದರ, ಎರಡು ದಿಂಬು, ಬಾಜೂಕ ಒಂದು ದೀಪ ಇಟ್ಟು ಚಿತ್ರ ಮಾಡಿದೆ. ಲಾಡ್ಜಿನ ಖೋಲಿ ಇದ್ದಂಗ ಆತು.

ಶನಿವಾರ ಗ್ವಾಡಿಗೆ ಹಚ್ಚಿದ್ರು. ಒಬ್ಬಾಂವ ಬೆಳಕು ಭಾಳ ಹಳದಿ ಆಗೇತಿ ಅಂದ. ಇನ್ನೊಬ್ಬಾಕಿ ಇಲ್ಲ, ಇನ್ನಷ್ಟು ಹಳದಿ ಬೇಕು ಅಂದ್ಲು. ಕಿಡಕಿ ಪರದೆ ದಪ್ಪ ಆತು, ನೆಲ ಕನ್ನಡಿಯಂಗ ಮಿಂಚತೈತಿ, ಮೂಲ್ಯಾಗ ಒಂದು ಗಿಡ ಇಡು. ಅವರಂದಿದ್ದೆಲ್ಲಾ ಮಾಡಿದೆ. ಒಂದೊಂದು ತಿದ್ದಿಧಂಗ ಚಿತ್ರ ಇನ್ನಷ್ಟು ಕೆಟ್ಟ ಕಾಣಾಕತ್ತು. ಹಾಳಾಗಿ ಹೋಗ್ಲಿ ಅಂತ ಮೌಸ್ ಕುಕ್ಕಿ ಎದ್ದು ನಿಂತೆ. ಮ್ಯಾಡಮ್ಮು ನೋಡಿದ್ರು.

"ಕುಂದರು. ಇದು ಬೆಳಕಿನ ತಪ್ಪಲ್ಲ. ಈ ಖೋಲ್ಯಾಗ ಯಾರ ಇರತಾರ?"

"ಅದ ತಿಳೀವಲ್ದರಿ ಮ್ಯಾಡಮ್."

"ಮತ್ತ ನೋಡವರಿಗೆ ಹೆಂಗ ತಿಳೀಬೇಕು? ಖಾನಾಪುರಕ್ಕ ಹೋಗಿ ನೋಡ್ಕೊಂಡು ಬಾ."

ಹೋದೆ. ತಮ್ಮ ಭಾಳ ಚಲೋ ಮನಷಾ. "ಬರ್ರಿ, ಕುಂದರ್ರಿ" ಅಂತ ಅವಲಕ್ಕಿ, ಚಾ ಎಲ್ಲಾ ಮಾಡಿಸಿದ. ನಾ ಹೊಟ್ಟ್ಯಾಗ ಇಟಗೊಳ್ಳದ ಕೇಳೇಬಿಟ್ಟೆ: ಆ ಖೋಲಿ ಅಕ್ಕಂದೋ, ಪಾವಣೇರದೋ?

"ಎರಡೂ ಒಂದ ಅಲ್ಲೇನ್ರಿ?" ಅಂದ ಅಂವ. "ಮದಿವ್ಯಾದ ಹೆಣ್ಮಗಳು ತವರಮನಿಗೆ ಪಾವಣೇರ. ಅಕ್ಕ ಇರೂತನಕ ಅಕ್ಕ ಇರಲಿ, ಬ್ಯಾಡಂದವರ್ಯಾರು? ನಾಳೆ ಆಕಿ ಸಂಸಾರ ಸರಿ ಆತಂದ್ರ ಹೋಗತಾಳ. ಅಕ್ಕನ ಖೋಲಿ ಅಂತ ಕಟ್ಟಿಬಿಟ್ರ, ಆಕಿ ಇನ್ನ ಹೋಗೂದ ಇಲ್ಲ ಅಂತ ನಾವ ಬರಕೊಟ್ಟಂಗ ಆಗೂದಿಲ್ಲೇನು?"

ತಾಯಿ ಒಳಗಿಂದನ, "ಆಕಿ ಹೋಗಂಗಿಲ್ಲ" ಅಂದ್ರು. ಅಂವ ಕೇಳಿಸಿಕೊಳ್ಳಲಾರದಂಗ ಚಾ ಕುಡದ.

ನಾ ಜಗಳಾಡಾಕ ತಯಾರಾಗಿ ಹೋಗಿದ್ದೆ. ಅಂವ ಕೆಟ್ಟಾಂವ ಇದ್ದಿದ್ರ ನನಗ ಹಗುರಾಗತಿತ್ತು. ಅಕ್ಕನ ಮ್ಯಾಲ ಜೀವ ಇಟ್ಟಾಂವ. ಆಕಿ ಸಂಸಾರ ಮುಗೀತು ಅಂತ ಬಾಯಿಂದ ಅನ್ನಾಕ ಅಂಜತಿದ್ದ, ಅಷ್ಟ. ಅಂವಂದ ಸರಿ ಅನಸಾಕತ್ತು. ಮರುಕ್ಷಣ ತಾಯೀದ ಸರಿ ಅನಸಾಕತ್ತು.

ಸಂಜಿಕ ಅಕ್ಕ ಬಂದ್ರು. ಕಣಕುಂಬಿ ಸಾಲ್ಯಾಗ ಮಾಸ್ತರ್ಕಿ ಮಾಡತಿದ್ರು, ದಿನಾ ಬಸ್ಸಿನ್ಯಾಗ ಹೋಗಿ ಬರೂದು. ಅಲ್ಲಿ ಮಳಿ ಅಂದ್ರ ಕೇಳಬ್ಯಾಡ್ರಿ. ಸೀರಿ ಮೊಳಕಾಲತನಕ ತೊಯ್ದು ತಪ್ಪಡಿ ಆಗಿತ್ತು. ಅವರ ಟ್ರಂಕು ನಡುಮನ್ಯಾಗ, ಎಲ್ಲಾರೂ ಅಡ್ಡಾಡೂ ಜಾಗಾದಾಗ ಇತ್ತು. ಅದರ ಬಾಜೂಕ ಕುಂತು, ಹುಡುಗರ ಉತ್ತರಪತ್ರಿಕಿ ತೊಡಿ ಮ್ಯಾಲ ಇಟಗೊಂಡು ತಿದ್ದಾಕತ್ರು. ಯಾರರ ದಾಟಿದ್ರ ಕಾಲು ಮಡಚೂದು, ಮತ್ತ ಚಾಚೂದು. ನೋಡಿ ನನ್ನ ಕಾಲ ನೋಯಾಕತ್ವು.

"ಅಕ್ಕಾರ, ನಿಮಗ ಖೋಲಿ ಹೆಂಗಿರಬೇಕ್ರಿ?" ಅಂತ ಕೇಳಿದೆ.

"ಹೆಂಗಿದ್ರೂ ನಡೀತೈತ್ರಿ."

ಅಷ್ಟ. ಅಯ್ಯ, ಬಾಯಿ ಬಿಟ್ಟು ಹೇಳಬಾರದೇನ ಯವ್ವಾ ಅಂತ ಮನಸಿನ್ಯಾಗ ಬೈಕೊಂಡೆ. ಅವರಿಗೆ ಖೋಲಿ ಬೇಕೋ ಬ್ಯಾಡೋ ಅನ್ನೂದ ನನಗ ತಿಳೀಲಿಲ್ಲ.

ಬೆಳಗಾವಿಗೆ ಬಂದು ಹೊಸಾ ಚಿತ್ರ ಶುರು ಮಾಡಿದೆ. ಪಲಂಗ ಗ್ವಾಡಿಗೆ ಸರಿಸಿ, ಕಿಡಕಿ ಮುಂದ ಟೇಬಲ್ಲು, ಅದರ ಮ್ಯಾಲ ಉತ್ತರಪತ್ರಿಕಿ, ಹಗ್ಗದ ಮ್ಯಾಲ ಒಂದು ಸೀರಿ, ಮೂಲ್ಯಾಗ ಒಂದು ಛತ್ರಿ. ಶನಿವಾರ ಮತ್ತ ಗ್ವಾಡಿಗೇರಿತು. ಈ ಸಲ ಮಾತು ಬ್ಯಾರೇನ ಇದ್ದುವು. ಪತ್ರಿಕಿ ಅಂಗಡ್ಯಾಗ ಜೋಡಿಸಿಧಂಗ ಅದಾವು, ತಿದ್ದಿದ್ದು ಒಂದ ಕಡೆ, ಇನ್ನೂ ತಿದ್ದಲಾರದ್ದು ಒಂದ ಕಡೆ ಇಡು. ಸೀರಿ ಹಸೀ ಇದ್ರ ಭಾರಕ್ಕ ಹಗ್ಗ ಜಗ್ಗಬೇಕಲ್ಲ. ಮಳಿಗಾಲದಾಗ ಇಷ್ಟು ಬಿಸಲೆಲ್ಲಿಂದ ಬಂತು? ಒಂದೂ ಮಾತು ನನಗ ಚುಚ್ಚಲಿಲ್ಲ. ಎಲ್ಲಾ ತಿದ್ದಿದೆ, ಖೋಲಿಗೆ ಜೀವ ಬಂತು.

ಜೀವ ಬಂದ ಮ್ಯಾಲ ಅಂಜಿಕಿ ಬಂತು. ಇದನ್ನ ತೋರಿಸಿದ್ರ ತಾಯಿ ಮಾತಿಗೆ ನಾ ಸೈ ಅಂದಂಗಲ್ಲ? ಅವರ ಮನಿ ಮಾತಿನ್ಯಾಗ ಬಾಯಿ ಹಾಕಾಕ ನಾ ಯಾವಾಕಿ? ಮ್ಯಾಡಮ್ಮಿಗೆ ಕೇಳಿದೆ. ಅವರು ಸುಮಾರು ಹೊತ್ತು ಚಿತ್ರ ನೋಡಿ, "ನನಗೂ ತಿಳೀವಲ್ದು. ತೋರಸೂಣು" ಅಂದ್ರು. ದೊಡ್ಡವರೂ ಹಿಂಗಂದ್ರ ಹೆಂಗ?

ಸೂಟಿ ದಿನ ತಾಯಿ, ತಮ್ಮ, ಅಕ್ಕ ಆಫೀಸಿಗೆ ಬಂದ್ರು. ದೊಡ್ಡ ಪರದೆ ಮ್ಯಾಲ ಖೋಲಿ ಬಂತು. ತಾಯಿ ಎದ್ದು ಹತ್ತರ ಹೋಗಿ, "ಇದು ನಮ್ಮಾಕಿ ಸೀರಿ ಇದ್ದಂಗ ಐತಲ್ಲ" ಅಂದ್ರು.

ತಮ್ಮ ಮುಂದ ಬಗ್ಗಿ ನೋಡಿದ. "ಭಾರೀ ಮಾಡೀರಿ ಬಿಡ್ರಿ. ಆದ್ರ ಆ ಟೇಬಲ್ಲು ತಗದು ಇನ್ನೊಂದು ಕಾಟ್ ಹಾಕರಿ. ಪಾವಣೇರಿಗೆ ಟೇಬಲ್ ಯಾಕ? ಹಗ್ಗಾನೂ ಬ್ಯಾಡ, ಛಂದ ಕಾಣಂಗಿಲ್ಲ."

ನಾ ಅಕ್ಕನ ಮಾರಿ ನೋಡಿದೆ. ಅವರು ನೆಲಾ ನೋಡತಿದ್ರು. ಆದ್ರ ಮನಿ ಕಟ್ಟಸಾಂವ ಅಂವ. ಟೇಬಲ್ ಮ್ಯಾಲ ಮೌಸಿನ ಬಾಣ ಒಯ್ದು ಇಟ್ಟೆ, ಇನ್ನ ಅಳಸೂದೊಂದ ಬಾಕಿ.

"ಅದರಾಗ ಒಂದು ತಪ್ಪೈತ್ರಿ" ಅಂದ್ರು ಅಕ್ಕ.

ಎಲ್ಲಾರೂ ತಿರುಗಿ ನೋಡಿದ್ವಿ. ಅವರು ಎದ್ದು ಬಂದು, ಸಾಲ್ಯಾಗ ಹಲಗಿ ಮುಂದ ನಿಂತಂಗ ನಿಂತು, ಪರದೆ ಮ್ಯಾಲಿನ ಬಾಗಲಕ್ಕ ಬೆರಳು ಇಟ್ರು. "ಈ ಬಾಗಲಕ್ಕ ಒಳಗಿಂದ ಚಿಲಕನ ಇಲ್ಲಲ್ರಿ."

ಖರೇನ ಇರಲಿಲ್ಲ. ಎರಡು ಶನಿವಾರ ಅಷ್ಟು ಮಂದಿ ನೋಡಿದ್ವಿ, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತಮ್ಮ ನಕ್ಕ. "ಮನ್ಯಾಗ ನಾವ ನಾವ ಇರತೇವಿ, ಒಳಗ ಚಿಲಕ ಯಾಕಕ್ಕ?"

"ನನಗ ಬೇಕು."

ಅವನ ನಗಿ ನಿಂತತು. "ಮತ್ತ ಪಾವಣೇರು ಬಂದ್ರ?"

"ಬಾಗಲಾ ಬಡೀಲಿ" ಅಂದ್ರು ಅಕ್ಕ. "ನಾ ತಗೀತೇನಿ."